ಗುಹೆ ಖಾನಾಪುರದಾಗ, ಮಾದರಿ ಲಂಡನ್ನಿನಾಗ

ಒಬ್ಬ ಕೇಳುಗರು ವಾಯ್ಸ್ ಮೆಸೇಜ್ ಕಳಿಸ್ಯಾರ: "ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟರೆ ಅಲ್ಲಿನ ವಿಜ್ಞಾನಿಗಳಿಗೇನು ನಷ್ಟ? ಲ್ಯಾಬ್ ಅಲ್ಲೇ ಇರ್ತದ, ಮಂದಿ ಅಲ್ಲೇ ಇರ್ತಾರ." ಚಲೋ ಪ್ರಶ್ನೆ. ಉತ್ತರ ಲಂಡನ್ನಿನಿಂದ ಅಲ್ಲ, ಖಾನಾಪುರದಿಂದ ಶುರು ಮಾಡ್ತೀನಿ.

ಭೀಮಗಡದ ಕಾಡಿನಲ್ಲಿ, ತಳೇವಾಡಿ ಹತ್ತಿರ ಬಾರಾಪೇಡೆ ಗುಹೆ ಇದೆ. ಅಲ್ಲಿ ರಾಟನ್ಸ್ ಫ್ರೀ-ಟೇಲ್ಡ್ ಬ್ಯಾಟ್ ಅನ್ನೋ ಅಪರೂಪದ ಬಾವಲಿ ಇದೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಮೀಕ್ಷೆಯವರು ಅದನ್ನು ಹಿಡಿದು ಕಳಿಸಿದರು. 1913ರಲ್ಲಿ ಲಂಡನ್ನಿನ ಓಲ್ಡ್‌ಫೀಲ್ಡ್ ಥಾಮಸ್ ಅದಕ್ಕೆ ಹೆಸರಿಟ್ಟರು. ಎಷ್ಟೋ ದಶಕ ಜಗತ್ತಿಗೆ ಗೊತ್ತಿದ್ದದ್ದು ಈ ಒಂದೇ ಗುಹೆ. ಆಮೇಲೆ ಮೇಘಾಲಯ, ಕಾಂಬೋಡಿಯಾದಲ್ಲೂ ಸಿಕ್ಕಿತು.

ಈಗ ಲೆಕ್ಕ ನೋಡ್ರಿ. 1947ರಲ್ಲಿ ದೇಶ ಬ್ರಿಟಿಷ್ ಆಳ್ವಿಕೆಯಿಂದ ಹೊರಬಂತು. 1956ರ ನವೆಂಬರ್ 1ಕ್ಕೆ ಬೆಳಗಾವಿ, ಖಾನಾಪುರ ಬಾಂಬೆ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದವು. ಗುಹೆ ಕದಲಲಿಲ್ಲ. ಆದರೆ ಮೂಲ ಮಾದರಿ ಲಂಡನ್ ಮ್ಯೂಸಿಯಂನಲ್ಲಿ, ಸೊಸೈಟಿ ಮುಂಬೈಯಲ್ಲಿ, ಕಾಡಿನ ಪರ್ಮಿಷನ್ ಕರ್ನಾಟಕ ಅರಣ್ಯ ಇಲಾಖೆಯಲ್ಲಿ. "ಇದು ಅದೇ ಜಾತಿಯಾ?" ಅಂತ ತಕರಾರು ಬಂದರೆ ಕೊನೆಯ ಸಾಕ್ಷಿ ಲಂಡನ್ನಿನ ಆ ಮಾದರಿ. ನಾನು ಬಿ.ಕಾಂ. ಓದಿದ್ದು. ಪಾರ್ಟ್ನರ್ ಒಬ್ಬ ಫರ್ಮ್ ಬಿಟ್ಟರೆ ಗುಡ್‌ವಿಲ್‌ಗೂ ಬೆಲೆ ಕಟ್ಟಬೇಕು ಅಂತ ಕಲಿಸಿದ್ದರು. ಇಲ್ಲಿ ಅದನ್ನು ಕಟ್ಟಿದವರು ಯಾರು?

ಆದರೆ ಎಲ್ಲ ಬೇರ್ಪಡೆಯೂ ಒಂದೇ ಥರ ಅಲ್ಲ. ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಗೊತ್ತಲ್ಲ, ನಾವು ವಾಕಿಂಗ್ ಹೋಗೋ ಜಾಗ? ಬ್ರಿಟಿಷರ ಕಾಲಕ್ಕೆ ಮುಂಬೈ ಪ್ರಾಂತ್ಯಕ್ಕೆ ಸಿಡುಬಿನ ಲಸಿಕೆ ಅಲ್ಲಿ ತಯಾರಾಗ್ತಿತ್ತು. ರಾಜ್ಯ ಬದಲಾದರೂ ಕೆಲಸ ನಿಲ್ಲಲಿಲ್ಲ. 1962ರಲ್ಲಿ ಸಿಡುಬು ನಿರ್ಮೂಲನಕ್ಕೆ ರಾಷ್ಟ್ರೀಯ ಕಾರ್ಯಕ್ರಮ ಬಂತು. ಮುಂದೆ ಗಿಂಡಿ, ಹೈದರಾಬಾದ್, ಪಟವಾಡಾಂಗರ್ ಜೊತೆ ಬೆಳಗಾವಿಯೂ ಒಣ ಲಸಿಕೆ ಮಾಡಿತು. 1975ರಲ್ಲಿ ದೇಶದ ಕೊನೆಯ ಸಿಡುಬು ಪ್ರಕರಣ. ಬಾಂಬೆ ಬಿಟ್ಟರೂ ಮೇಲಿದ್ದ ಮಾಳಿಗೆ ಒಂದೇ ಇತ್ತು, ಅದಕ್ಕೇ ನಡೀತು.

ಬ್ರಿಟನ್ ಬಿಟ್ಟಿದ್ದು ಆ ಮಾಳಿಗೆಯನ್ನೇ. ಯುರೋಪಿನ ಸಂಶೋಧನಾ ನಿಧಿ ಹೊರೈಜನ್ ಯುರೋಪ್, 2021ರಿಂದ 2027ರವರೆಗೆ ಸುಮಾರು 95.5 ಬಿಲಿಯನ್ ಯೂರೋ. ಬ್ರಿಟನ್ ದುಡ್ಡು ಕೊಟ್ಟು ಅದರೊಳಗೆ ಇರಬೇಕು ಅನ್ನೋ ಮಾತಾಗಿತ್ತು. ಆದರೆ ಉತ್ತರ ಐರ್ಲೆಂಡಿನ ವ್ಯಾಪಾರದ ಜಗಳದಲ್ಲಿ ಸಹಿ ಸಿಕ್ಕಿಬಿತ್ತು. ವಿಜ್ಞಾನಕ್ಕೂ ಆ ಜಗಳಕ್ಕೂ ಏನೇನೂ ಸಂಬಂಧ ಇಲ್ಲ, ಗಮನಿಸ್ರಿ. ಅಷ್ಟರಲ್ಲಿ ಯುರೋಪಿಯನ್ ರಿಸರ್ಚ್ ಕೌನ್ಸಿಲ್ ಗ್ರಾಂಟ್ ಗೆದ್ದಿದ್ದವರಿಗೆ ಹೇಳಿದ್ದು: ಒಕ್ಕೂಟದ ದೇಶಕ್ಕೆ ಲ್ಯಾಬ್ ಒಯ್ಯಿರಿ, ಇಲ್ಲಾ ಗ್ರಾಂಟ್ ಬಿಡಿರಿ. ಬ್ರಿಟನ್ ಸರ್ಕಾರ ತಾನೇ ದುಡ್ಡು ಕೊಡ್ತೀನಿ ಅಂತು. ಆದರೂ ಹಲವು ದೇಶದ ತಂಡಗಳಲ್ಲಿ ಮುಖ್ಯಸ್ಥನ ಕುರ್ಚಿಯನ್ನು ಬೇರೆ ದೇಶದವರಿಗೆ ಬಿಟ್ಟುಕೊಡಬೇಕಾಯಿತು. ದುಡ್ಡಿಗೆ ಪರ್ಯಾಯ ಸಿಗ್ತದ, ಕುರ್ಚಿಗೆ ಸಿಗಲಿಲ್ಲ.

2024ರ ಜನವರಿ 1ಕ್ಕೆ ಬ್ರಿಟನ್ ಮತ್ತೆ ಹೊರೈಜನ್ ಒಳಗೆ ಬಂತು. ಮೂರು ವರ್ಷ. 2021ರ ಆರಂಭಕ್ಕೆ ಪಿಎಚ್‌ಡಿ ಸೇರಿದವರ ಓದು ಅಷ್ಟರಲ್ಲಿ ಮುಗಿಯಾಕ ಬಂದಿತ್ತು.

ಅಂದಹಾಗೆ, ಬಾವಲಿ ನೋಡಾಕ ರೀಲ್ಸ್ ಮಾಡ್ಕೋತ ಗುಹೆಗೆ ಹೋಗಬ್ಯಾಡ್ರಿ. ಭೀಮಗಡ 2011ರಿಂದ ವನ್ಯಜೀವಿ ಧಾಮ, ಪರ್ಮಿಷನ್ ಬೇಕು. ಟಾರ್ಚ್ ಬೆಳಕು, ಗದ್ದಲಕ್ಕೆ ಅವು ಗಾಬರಿ ಆಗ್ತಾವ.