ಶಾಸನಸೂಚಿಯಲ್ಲಿ ಆಯ್ಕೆಪಟ್ಟಿಯ ಮೂಲಕ ಶೋಧನೆ: ಅರಸೀಕೆರೆ, ಬೇಲೂರು, ಹಳೇಬೀಡುಗಳ ಜೈನಶಾಸನಗಳ ನಿದರ್ಶನದೊಡನೆ

ಹಾಸನ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟವಾಗಿ 1902ರಲ್ಲಿ ಪ್ರಕಟಿಸಿದುದು ವಿದ್ವಾಂಸರಿಗೆ ಸುವಿದಿತವಾದ ವಿಷಯ. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಕೈಗೊಂಡ ಪರಿಷ್ಕೃತ ಆವೃತ್ತಿಯಲ್ಲಿ ಬೇಲೂರು ತಾಲೂಕಿಗೆ ಒಂಬತ್ತನೆಯ ಸಂಪುಟವೂ ಅರಸೀಕೆರೆ ತಾಲೂಕಿಗೆ ಹತ್ತನೆಯ ಸಂಪುಟವೂ ಮೀಸಲಾದುವು. ಈ ಸಂಪುಟಗಳಿಂದ ಜೈನಶಾಸನಗಳನ್ನು ಆಯ್ದು ಸೂಚಿಯೊಂದನ್ನು ಸಿದ್ಧಪಡಿಸುವವರು ಹಿಂದೆ ಕಾಗದದ ಚೀಟಿಗಳನ್ನು ಬರೆದಿಡುತ್ತಿದ್ದರು. ಈಗ ಅದೇ ಕಾರ್ಯವನ್ನು ಮೇಜಿನ ಮೇಲಣ ಕಂಪ್ಯೂಟರಿನಲ್ಲಿ, ಮೈಕ್ರೋಸಾಫ್ಟ್ ಆಕ್ಸೆಸ್‌ನಂಥ ಡೇಟಾಬೇಸಿನ ನೆರವಿನಿಂದ ನಡೆಸಬಹುದಾಗಿದೆ. ಅಂಥ ಸೂಚಿಯಲ್ಲಿ, ಫಾರಂ ಒಂದರ ಆಯ್ಕೆಪಟ್ಟಿಯಿಂದ ಸ್ಥಳವನ್ನೋ ಕಾಲವನ್ನೋ ಆರಿಸಿ, ಅದಕ್ಕೆ ಹೊಂದುವ ಶಾಸನಗಳನ್ನಷ್ಟೇ ಹೊರತೆಗೆಯುವ ಕ್ರಮವನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ವಿಷಯವು ತಾಂತ್ರಿಕವೆಂದು ತೋರಿದರೂ ಅದರ ಪರಿಣಾಮವು ಸಂಶೋಧನೆಯ ನಿರ್ಣಯಗಳನ್ನೇ ಮುಟ್ಟುತ್ತದೆ. ‘ಈ ಗ್ರಾಮದಲ್ಲಿ ಜೈನಶಾಸನಗಳಿಲ್ಲ’, ‘ಈ ಶತಮಾನದ ಅನಂತರ ಉಲ್ಲೇಖಗಳು ದೊರೆಯುವುದಿಲ್ಲ’ ಎಂಬಂಥ ಮಾತುಗಳಿಗೆ ಈಗ ಸೂಚಿಯೇ ಅನೇಕವೇಳೆ ಆಧಾರವಾಗುತ್ತದೆ. ಕಲ್ಲಿನ ಮೇಲೆ ಅಕ್ಷರಗಳು ಸ್ಪಷ್ಟವಾಗಿದ್ದೂ ಶೋಧನೆಯ ನಿಬಂಧನೆ ಸರಿಯಿಲ್ಲದಿದ್ದರೆ ಆ ಶಾಸನ ಪಟ್ಟಿಗೆ ಬಾರದೆ ಹೋಗಬಹುದು. ಆದುದರಿಂದ ನಿಬಂಧನೆಯನ್ನು ರಚಿಸುವ ಕೆಲಸವನ್ನು ಯಂತ್ರಜ್ಞರಿಗೆ ಮಾತ್ರ ಬಿಟ್ಟುಕೊಡದೆ, ಶಾಸನಗಳನ್ನು ಬಲ್ಲವರೂ ಅದನ್ನು ಅರಿತಿರುವುದು ಅವಶ್ಯಕ.

1. ಸ್ಥಳನಾಮಗಳ ಪ್ರಶ್ನೆ

ರೈಸ್ ಅವರು ಶಾಸನಗಳಿಗೆ ತಾಲೂಕುವಾರು ಸಂಖ್ಯೆಗಳನ್ನು ಕೊಟ್ಟಿದ್ದಾರೆ. ಹಳೇಬೀಡು ಬೇಲೂರು ತಾಲೂಕಿಗೆ ಸೇರಿದ ಊರಾದುದರಿಂದ ಅಲ್ಲಿನ ಶಾಸನಗಳೆಲ್ಲ ‘ಬೇಲೂರು’ ಎಂಬ ಹೆಸರಿನ ಅಡಿಯಲ್ಲಿಯೇ ಬಂದಿವೆ. ಗಂಗರಾಜನ ಮಗನಾದ ಬೊಪ್ಪನು ಕಟ್ಟಿಸಿದ, ವಿಷ್ಣುವರ್ಧನನಿಂದ ವಿಜಯಪಾರ್ಶ್ವನೆಂಬ ಹೆಸರನ್ನು ಪಡೆದ ಪಾರ್ಶ್ವನಾಥ ಬಸದಿಯ 1133ರ ಶಾಸನವು ಬೇಲೂರು 124 ಎಂದು ಪ್ರಸಿದ್ಧವಾಗಿದೆ. ಆ ಕಲ್ಲು ಇರುವುದಾದರೋ ಹಳೇಬೀಡಿನ ಬಸದಿಹಳ್ಳಿಯಲ್ಲಿ. ಸೂಚಿಯಲ್ಲಿ ‘ಸ್ಥಳ’ ಎಂಬ ಒಂದೇ ಅಂಕಣವಿದ್ದು ಅದರಲ್ಲಿ ‘ಬೇಲೂರು’ ಎಂದು ಬರೆದಿದ್ದರೆ, ಹಳೇಬೀಡನ್ನು ಆರಿಸಿದವರಿಗೆ ಈ ಮುಖ್ಯ ಶಾಸನವೇ ಸಿಗುವುದಿಲ್ಲ. ಬೇಲೂರನ್ನು ಆರಿಸಿದವರಿಗೆ ಅದು ಬೇಲೂರು ಪಟ್ಟಣದ ಬಸದಿಯೆಂಬ ಭ್ರಾಂತಿಯುಂಟಾಗುತ್ತದೆ.

ಇದಲ್ಲದೆ ಒಂದೇ ಊರಿನ ಹೆಸರು ಹಲವು ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅರಸೀಕೆರೆ, ಅರಸಿಕೆರೆ ಎಂಬ ರೂಪಗಳು ಓದುವವರಿಗೆ ಒಂದೇ ಊರನ್ನೂ, ದೋರಸಮುದ್ರ, ದ್ವಾರಸಮುದ್ರ, ಹಳೇಬೀಡು, ಹಳೆಯಬೀಡು ಎಂಬ ರೂಪಗಳು ಇನ್ನೊಂದೇ ಊರನ್ನೂ ಸೂಚಿಸುತ್ತವೆ, ಯಂತ್ರಕ್ಕೆ ಅವು ಬೇರೆಬೇರೆ ಶಬ್ದಗಳು. ವ್ಯಕ್ತಿನಾಮಗಳ ಸ್ಥಿತಿಯೂ ಹೀಗೆಯೇ. ಅರಸೀಕೆರೆಯಲ್ಲಿ 1220ರಲ್ಲಿ ಸಹಸ್ರಕೂಟ ಜಿನಾಲಯವನ್ನು ಮಾಡಿಸಿದ ಮಂತ್ರಿಯು ರೇಚಣ, ರೇಚರಸ, ರೇಚಿಮಯ್ಯ ಎಂದು ನಾನಾ ರೂಪಗಳಲ್ಲಿ ಉಲ್ಲೇಖಿತನಾಗಿದ್ದಾನೆ.

ಹೀಗಾಗಿ ಶೋಧಿಸುವವರು ಹೆಸರನ್ನು ತಾವೇ ಬೆರಳಚ್ಚು ಮಾಡುವುದಕ್ಕಿಂತ, ಮೊದಲೇ ನಿರ್ಣಯಿಸಿದ ಪಟ್ಟಿಯಿಂದ ಆರಿಸುವುದು ಮೇಲು. ಆ ಪಟ್ಟಿಯನ್ನು ಪ್ರತ್ಯೇಕ ಕೋಷ್ಟಕದಲ್ಲಿ ಇಡತಕ್ಕದ್ದು. ಅದರಲ್ಲಿ ಪ್ರತಿಯೊಂದು ಊರಿಗೂ ಒಂದು ಸ್ಥಳಸಂಖ್ಯೆ, ಅಂಗೀಕೃತ ನಾಮರೂಪ, ಅದು ಸೇರಿದ ತಾಲೂಕು ಇವಿಷ್ಟು ಇರಬೇಕು. ಶಾಸನಗಳ ಮುಖ್ಯ ಕೋಷ್ಟಕದಲ್ಲಿ ಊರಿನ ಹೆಸರಿನ ಬದಲಾಗಿ ಸ್ಥಳಸಂಖ್ಯೆಯನ್ನು ಮಾತ್ರ ದಾಖಲಿಸಬೇಕು. ರೈಸ್ ಅವರ ಸಂಖ್ಯೆ, ಪರಿಷ್ಕೃತ ಆವೃತ್ತಿಯ ಸಂಖ್ಯೆ ಇವೆರಡಕ್ಕೂ ಬೇರೆಬೇರೆ ಅಂಕಣಗಳಿರಲಿ. ಶಾಸನದಲ್ಲಿಯೇ ಬರುವ ನಾಮರೂಪವನ್ನು ಹೇಗಿದೆಯೋ ಹಾಗೆ ಉಳಿಸಿಕೊಳ್ಳಲು ಇನ್ನೊಂದು ಅಂಕಣ ಬೇಕು. ಪಾಠವನ್ನು ತಿದ್ದುವ ಅಧಿಕಾರ ಸೂಚಿಕಾರನಿಗಿಲ್ಲ.

ಅಕ್ಷರಸಂಕೇತದ ವಿಷಯದಲ್ಲಿಯೂ ಎಚ್ಚರಿಕೆ ಅಗತ್ಯ. ಯೂನಿಕೋಡ್ ರೂಢಿಗೆ ಬರುವುದಕ್ಕೆ ಮುಂಚೆ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಪಟ್ಟಿಗಳು ತೆರೆಯ ಮೇಲೆ ಶುದ್ಧ ಕನ್ನಡವಾಗಿಯೇ ಕಂಡರೂ ಒಳಗೆ ಬೇರೆ ಸಂಕೇತಗಳನ್ನು ಹೊಂದಿರುತ್ತವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸದೆ ಸೇರಿಸಿದರೆ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ‘ಹಳೇಬೀಡು’ಗಳು ಒಂದಕ್ಕೊಂದು ಹೊಂದುವುದಿಲ್ಲ.

2. ಫಾರಂ ಮತ್ತು ಕ್ವೆರಿಗಳ ಸಂಬಂಧ

ಕೋಷ್ಟಕದಿಂದ ಬೇಕಾದ ಸಾಲುಗಳನ್ನು ಆಯ್ದು ಕೊಡುವ ಆಜ್ಞೆಗೆ ಕ್ವೆರಿ ಎಂದು ಹೆಸರು. ಊರಿಗೊಂದರಂತೆ ಕ್ವೆರಿಗಳನ್ನು ಬರೆದಿಡುವುದು ವ್ಯರ್ಥಶ್ರಮ. ಒಂದೇ ಕ್ವೆರಿಯನ್ನು ರಚಿಸಿ, ಅದರ ನಿಬಂಧನೆಯು ಫಾರಂನಲ್ಲಿ ಆ ಹೊತ್ತು ಆರಿಸಿರುವ ಊರನ್ನು ನೋಡಿಕೊಳ್ಳುವಂತೆ ಮಾಡುವುದೇ ಇಲ್ಲಿಯ ತತ್ತ್ವ.

ಮೊದಲು ‘ಶೋಧಪತ್ರ’ವೆಂಬ ಹೆಸರಿನ ಫಾರಂ ಒಂದನ್ನು ರಚಿಸಿ, ಅದರಲ್ಲಿ ‘ಆಯ್ದಸ್ಥಳ’ವೆಂಬ ಆಯ್ಕೆಪಟ್ಟಿಯನ್ನು ಇಡಬೇಕು. ಆಕ್ಸೆಸ್‌ನಲ್ಲಿ ಇದಕ್ಕೆ ಕಾಂಬೋ ಬಾಕ್ಸ್ ಎನ್ನುತ್ತಾರೆ. ಅದು ತನ್ನ ಸಾಲುಗಳನ್ನು ಸ್ಥಳಗಳ ಕೋಷ್ಟಕದಿಂದ ಪಡೆಯುವಂತಿರಲಿ. ತೆರೆಯ ಮೇಲೆ ಕಾಣುವುದು ಊರಿನ ಹೆಸರು. ಒಳಗೆ ಗ್ರಹಿಸಲ್ಪಡುವುದು ಸ್ಥಳಸಂಖ್ಯೆ. ಯಾವ ಅಂಕಣವನ್ನು ಗ್ರಹಿಸಬೇಕೆಂಬುದನ್ನು ಬೌಂಡ್ ಕಾಲಂ ಎಂಬ ಗುಣದಲ್ಲಿ ಸೂಚಿಸಬೇಕಾಗುತ್ತದೆ. ಇದನ್ನು ಗಮನಿಸದೆ ಸಂಖ್ಯೆಯ ಅಂಕಣದೊಡನೆ ಹೆಸರನ್ನು ಹೋಲಿಸಿದರೆ ಶೋಧನೆಯು ಫಲಿಸದು.

ಅನಂತರ ಕ್ವೆರಿಯಲ್ಲಿ ಸ್ಥಳಸಂಖ್ಯೆಯ ಅಂಕಣದ ಕೆಳಗೆ, ನಿಬಂಧನೆಯ ಸ್ಥಾನದಲ್ಲಿ ಹೀಗೆ ಬರೆಯತಕ್ಕದ್ದು:

[ಫಾರ್ಮ್ಸ್]![ಶೋಧಪತ್ರ]![ಆಯ್ದಸ್ಥಳ]

‘ತೆರೆದಿರುವ ಫಾರಂಗಳಲ್ಲಿ ಶೋಧಪತ್ರವೆಂಬುದರ ಆಯ್ದಸ್ಥಳವೆಂಬ ಪಟ್ಟಿಯಲ್ಲಿ ಏನಿದೆಯೋ ಅದು’ ಎಂಬುದು ಇದರ ಅರ್ಥ. ಇಲ್ಲಿ ‘ಫಾರ್ಮ್ಸ್’ ಎಂಬುದೂ ಮುಂದೆ ಬರುವ ‘ಆರ್’, ‘ಈಸ್ ನಲ್’ ಎಂಬುವೂ ತಂತ್ರಾಂಶದ ಸ್ವಂತ ಪದಗಳಾದುದರಿಂದ ಯಂತ್ರದಲ್ಲಿ ಅವನ್ನು ರೋಮನ್ ಲಿಪಿಯಲ್ಲಿ ಬರೆಯಬೇಕು. ಉಳಿದ ಹೆಸರುಗಳು ನಾವು ಇಟ್ಟವು, ಕನ್ನಡದಲ್ಲಿಯೇ ಇರಬಹುದು. ಫಾರಂ ಮುಚ್ಚಿದ್ದರೆ, ಇಲ್ಲವೆ ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವಾದರೆ, ಆಕ್ಸೆಸ್ ಆ ಬೆಲೆಯನ್ನು ಬೆರಳಚ್ಚು ಮಾಡುವಂತೆ ಬಳಕೆದಾರನನ್ನೇ ಕೇಳುತ್ತದೆ.

ಫಲಿತಾಂಶವನ್ನು ತೋರಿಸುವ ಪಟ್ಟಿಯನ್ನು ಅದೇ ಫಾರಂನಲ್ಲಿ ಇಟ್ಟುಕೊಳ್ಳುವುದು ಅನುಕೂಲ. ಆದರೆ ಆಯ್ಕೆಯನ್ನು ಬದಲಿಸಿದ ಮಾತ್ರಕ್ಕೆ ಆ ಪಟ್ಟಿಯು ತಾನಾಗಿ ಬದಲಾಗುವುದಿಲ್ಲ. ಆಯ್ಕೆಯಾದ ಕೂಡಲೆ ರೀಕ್ವೆರಿ, ಎಂದರೆ ಪುನಃ ಶೋಧಿಸು, ಎಂಬ ಆಜ್ಞೆ ನಡೆಯುವಂತೆ ಆಯ್ಕೆಪಟ್ಟಿಯ ಆಫ್ಟರ್ ಅಪ್‌ಡೇಟ್ ಎಂಬ ಸ್ಥಾನದಲ್ಲಿ ಏರ್ಪಡಿಸಬೇಕು. ಇಲ್ಲವಾದರೆ ಮೇಲೆ ಅರಸೀಕೆರೆಯೆಂದೂ ಕೆಳಗೆ ಹಳೇಬೀಡಿನ ಶಾಸನಗಳೆಂದೂ ಇರುವ ವಿಸಂಗತಿ ಒದಗುತ್ತದೆ.

ತಾಲೂಕು ಮತ್ತು ಊರುಗಳಿಗೆ ಎರಡು ಆಯ್ಕೆಪಟ್ಟಿಗಳಿರುವುದು ಉತ್ತಮ. ಮೊದಲನೆಯದರಲ್ಲಿ ಬೇಲೂರು ತಾಲೂಕನ್ನು ಆರಿಸಿದಾಗ ಎರಡನೆಯದರಲ್ಲಿ ಬೇಲೂರು, ಹಳೇಬೀಡು ಮೊದಲಾದ ಆ ತಾಲೂಕಿನ ಊರುಗಳಷ್ಟೇ ಕಾಣಿಸಿಕೊಳ್ಳಬೇಕು. ಎರಡನೆಯ ಪಟ್ಟಿಯೂ ಮೊದಲನೆಯದರ ಆಯ್ಕೆಯನ್ನೇ ನಿಬಂಧನೆಯಾಗಿ ಉಳ್ಳ ಕ್ವೆರಿಯಿಂದ ತುಂಬಿಕೊಳ್ಳುತ್ತದೆ. ತಾಲೂಕನ್ನು ಬದಲಿಸಿದೊಡನೆ ಊರಿನ ಹಳೆಯ ಆಯ್ಕೆಯನ್ನು ಬರಿದುಮಾಡುವುದನ್ನು ಮರೆಯಬಾರದು. ಅರಸೀಕೆರೆ ತಾಲೂಕಿನೊಡನೆ ಹಳೇಬೀಡು ಉಳಿದುಕೊಂಡರೆ ಫಲಿತಾಂಶ ಶೂನ್ಯ. ಆ ಶೂನ್ಯಕ್ಕೆ ಐತಿಹಾಸಿಕ ಅರ್ಥವೇನೂ ಇಲ್ಲ.

3. ಬರಿದಾದ ಆಯ್ಕೆ ಮತ್ತು ಬರಿದಾದ ಅಂಕಣ

ಯಾವ ಊರನ್ನೂ ಆರಿಸದಿದ್ದರೆ ಎಲ್ಲ ಶಾಸನಗಳೂ ಬರಬೇಕೆಂಬುದು ಸಹಜವಾದ ಅಪೇಕ್ಷೆ. ಆದರೆ ಮೇಲಣ ನಿಬಂಧನೆಯಲ್ಲಿ ಆಯ್ಕೆ ಬರಿದಾಗಿದ್ದರೆ ಒಂದು ಶಾಸನವೂ ಬರುವುದಿಲ್ಲ. ಬರಿದಾದ ಸ್ಥಾನವನ್ನು ಆಕ್ಸೆಸ್ ‘ನಲ್’ ಎಂದು ಕರೆಯುತ್ತದೆ. ಅದು ‘ತಿಳಿಯದು’ ಎಂಬುದಕ್ಕೆ ಸಮಾನ. ತಿಳಿಯದುದಕ್ಕೆ ಯಾವುದೂ ಸಮವೆಂದು ಹೇಳಲಾಗದು, ಇನ್ನೊಂದು ತಿಳಿಯದುದೂ ಸಹ. ಆದುದರಿಂದ ನಿಬಂಧನೆಯನ್ನು ಹೀಗೆ ವಿಸ್ತರಿಸಬೇಕು:

([ಸ್ಥಳಸಂಖ್ಯೆ] = [ಫಾರ್ಮ್ಸ್]![ಶೋಧಪತ್ರ]![ಆಯ್ದಸ್ಥಳ] ಆರ್ [ಫಾರ್ಮ್ಸ್]![ಶೋಧಪತ್ರ]![ಆಯ್ದಸ್ಥಳ] ಈಸ್ ನಲ್)

ಸ್ಥಳವು ಆಯ್ಕೆಗೆ ಸಮವಾಗಿರಬೇಕು, ಅಥವಾ ಆಯ್ಕೆಯೇ ಬರಿದಾಗಿರಬೇಕು ಎಂದು ಇದರ ತಾತ್ಪರ್ಯ. ಹಲವು ಆಯ್ಕೆಗಳಿರುವಾಗ ಪ್ರತಿಯೊಂದು ಜೋಡಿಯನ್ನೂ ಹೀಗೆ ಆವರಣಚಿಹ್ನೆಗಳಲ್ಲಿ ಇಟ್ಟು ‘ಆಂಡ್’ ಎಂಬುದರಿಂದ ಸೇರಿಸತಕ್ಕದ್ದು. ಆವರಣಗಳಿಲ್ಲದಿದ್ದರೆ ‘ಆಂಡ್’ ಮೊದಲು ಅನ್ವಯಿಸಿ ಅರ್ಥವು ಪಲ್ಲಟವಾಗುತ್ತದೆ.

ಇದಕ್ಕೆ ಬದಲಾಗಿ, ‘ಲೈಕ್’ ಎಂಬ ಪದವನ್ನೂ ನಕ್ಷತ್ರಚಿಹ್ನೆಯನ್ನೂ ಬಳಸುವ ಸುಲಭೋಪಾಯವೊಂದು ಪ್ರಚಾರದಲ್ಲಿದೆ. ಆಯ್ಕೆ ಬರಿದಾದಾಗ ನಕ್ಷತ್ರ ಮಾತ್ರ ಉಳಿದು ಎಲ್ಲವೂ ಬರುತ್ತದೆಂದು ಅದರ ಆಶಯ. ಸೂಚಿಕಾರರು ಇದನ್ನು ಬಳಸದಿರುವುದು ಲೇಸು. ಮೊದಲನೆಯದಾಗಿ, ಸ್ಥಳಸಂಖ್ಯೆ 1ನ್ನು ಆರಿಸಿದರೆ 10, 11 ಮುಂತಾದುವೂ ಸೇರಿಕೊಳ್ಳುತ್ತವೆ. ಎರಡನೆಯದಾಗಿ, ಯಾವ ಸಾಲಿನಲ್ಲಿ ಆ ಅಂಕಣವೇ ಬರಿದಾಗಿದೆಯೋ ಆ ಸಾಲು ನಕ್ಷತ್ರಕ್ಕೂ ಹೊಂದುವುದಿಲ್ಲ. ಮೂಲಸ್ಥಳ ತಿಳಿಯದ ಬಿಡಿಗಲ್ಲು, ದಾನಿಯ ಹೆಸರು ಅಳಿಸಿಹೋದ ಶಾಸನ, ಕಾಲನಿರ್ದೇಶವಿಲ್ಲದ ನಿಷಿಧಿ ಇವು ‘ಎಲ್ಲ ಶಾಸನಗಳು’ ಎಂಬ ಶೀರ್ಷಿಕೆಯ ಪಟ್ಟಿಯಿಂದಲೇ ಸದ್ದಿಲ್ಲದೆ ಜಾರಿಹೋಗುತ್ತವೆ. ತ್ರುಟಿತ ಸಾಮಗ್ರಿಯೇ ಹೆಚ್ಚಾಗಿರುವ ನಮ್ಮ ಕ್ಷೇತ್ರದಲ್ಲಿ ಇದು ಅಲ್ಪ ನಷ್ಟವಲ್ಲ.

4. ಕಾಲದ ಆಯ್ಕೆ

ಹಳೇಬೀಡಿನಲ್ಲಿ ಬಾಲಚಂದ್ರ ಪಂಡಿತದೇವರ 1274ರ, ಅಭಯಚಂದ್ರರ 1279ರ ಸ್ಮಾರಕ ಶಾಸನಗಳು ಸ್ಪಷ್ಟವಾದ ಕಾಲವನ್ನು ಹೊಂದಿವೆ. ಅನೇಕ ಶಾಸನಗಳಿಗಾದರೋ ಸಂಪಾದಕರು ಲಿಪಿಯ ಆಧಾರದಿಂದ ‘ಸುಮಾರು’ ಎಂದು ಕಾಲವನ್ನು ಊಹಿಸಿದ್ದಾರೆ. ‘ಸುಮಾರು 12ನೆಯ ಶತಮಾನ’ ಎಂಬ ಮಾತನ್ನು ವರ್ಷದ ಅಂಕಣದಲ್ಲಿ ಬರೆಯಲಾಗದು; 1150 ಎಂದು ಬರೆದರೆ ಅದು ಇಲ್ಲದ ನಿಖರತೆಯನ್ನು ಆರೋಪಿಸಿದಂತೆ. ಆದುದರಿಂದ ‘ಆದಿವರ್ಷ’, ‘ಅಂತ್ಯವರ್ಷ’ ಎಂಬ ಎರಡು ಅಂಕಣಗಳನ್ನು ಇಟ್ಟು, ಮೊದಲನೆಯದರಲ್ಲಿ 1101 ಎಂದೂ ಎರಡನೆಯದರಲ್ಲಿ 1200 ಎಂದೂ ದಾಖಲಿಸಬೇಕು. ಕಾಲ ನಿಶ್ಚಿತವಾಗಿರುವಲ್ಲಿ ಎರಡರಲ್ಲಿಯೂ ಒಂದೇ ವರ್ಷವಿರಲಿ. ಶಕವರ್ಷಕ್ಕೆ ಸಾಮಾನ್ಯವಾಗಿ 78ನ್ನು ಸೇರಿಸಿದರೆ ಕ್ರಿಸ್ತವರ್ಷ ಬರುವುದಾದರೂ, ವರ್ಷದ ಕೊನೆಯ ಮಾಸಗಳಲ್ಲಿ 79ನ್ನು ಸೇರಿಸಬೇಕಾಗುವುದರಿಂದ, ಶಾಸನೋಕ್ತವಾದ ಶಕವರ್ಷ, ಸಂವತ್ಸರ, ಮಾಸ, ತಿಥಿಗಳನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳಬೇಕು.

ಫಾರಂನಲ್ಲಿ 1130ರಿಂದ 1140ರವರೆಗೆ ಎಂದು ಆರಿಸಿದಾಗ, ಶಾಸನದ ಆದಿವರ್ಷವು 1140ನ್ನು ಮೀರದಿರಬೇಕು, ಅಂತ್ಯವರ್ಷವು 1130ಕ್ಕಿಂತ ಹಿಂದಾಗಿರಬಾರದು ಎಂಬುದೇ ಸರಿಯಾದ ನಿಬಂಧನೆ. ಆಗ 1133ರ ವಿಜಯಪಾರ್ಶ್ವ ಬಸದಿಯ ಶಾಸನವೂ ‘ಸುಮಾರು 12ನೆಯ ಶತಮಾನ’ದವೂ ಕೂಡಿಯೇ ಬರುತ್ತವೆ. ಎರಡು ವರ್ಷಗಳೂ ಬರಿದಾಗಿರುವ ಶಾಸನಗಳಿಗಾಗಿ ‘ಕಾಲ ತಿಳಿಯದವನ್ನೂ ಸೇರಿಸು’ ಎಂಬ ಗುರುತುಚೌಕವೊಂದನ್ನು ಫಾರಂನಲ್ಲಿ ಒದಗಿಸಿದರೆ ನಿರ್ಧಾರವು ವಿದ್ವಾಂಸನ ಕೈಯಲ್ಲಿಯೇ ಉಳಿಯುತ್ತದೆ.

5. ಒಂದಕ್ಕಿಂತ ಹೆಚ್ಚಿನ ವರ್ಗಕ್ಕೆ ಸೇರುವ ಶಾಸನಗಳು

ಹಳೇಬೀಡಿನ 1638ರ ಶಾಸನವು ವಿಜಯಪಾರ್ಶ್ವನ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಒತ್ತಿದುದರಿಂದ ಉಂಟಾದ ವಿವಾದವನ್ನು ಜೈನರೂ ವೀರಶೈವರೂ ಪರಿಹರಿಸಿಕೊಂಡ ಒಡಂಬಡಿಕೆಯನ್ನು ತಿಳಿಸುತ್ತದೆ. ಸೂಚಿಯಲ್ಲಿ ಧರ್ಮಕ್ಕೆ ಒಂದೇ ಅಂಕಣವಿದ್ದರೆ ಇದನ್ನು ಎಲ್ಲಿ ಸೇರಿಸಬೇಕು? ವೀರಶೈವವೆಂದು ಗುರುತಿಸಿದರೆ ಬಸದಿಯ ಚರಿತ್ರೆಯನ್ನು ಬರೆಯುವವನಿಗೆ ಇದು ದೊರೆಯದು. ಜೈನವೆಂದು ಗುರುತಿಸಿದರೆ ಇನ್ನೊಂದು ಪಕ್ಷದವರಿಗೆ ದೊರೆಯದು. ರಾಜವಂಶದ ಪಟ್ಟಿಯಲ್ಲಿ ಹೊಯ್ಸಳರನ್ನು ಆರಿಸಿದವರಿಗಂತೂ ಇದು ಎಂದೂ ಕಾಣಿಸದು. ಇಂಥಲ್ಲಿ ಶಾಸನಸಂಖ್ಯೆ, ವರ್ಗ ಎಂಬ ಎರಡೇ ಅಂಕಣಗಳ ಮೂರನೆಯ ಕೋಷ್ಟಕವನ್ನು ಮಾಡಿ, ಒಂದು ಶಾಸನಕ್ಕೆ ಬೇಕಾದಷ್ಟು ವರ್ಗಗಳನ್ನು ಸೇರಿಸುವುದೇ ಯುಕ್ತ. ಹಾಗೆ ಮಾಡಿದಾಗ, ವರ್ಗವನ್ನು ಆರಿಸದೆ ಶೋಧಿಸಿದರೆ ಒಂದೇ ಶಾಸನವು ಎರಡು ಸಲ ಬರುವ ಸಂಭವವುಂಟು. ಒಟ್ಟು ಸಂಖ್ಯೆಯನ್ನು ಹೇಳುವ ಮುನ್ನ ಅದನ್ನು ಪರಿಗಣಿಸಬೇಕು.

6. ಪರೀಕ್ಷೆ ಮತ್ತು ಉಪಸಂಹಾರ

ಸೂಚಿಯನ್ನು ಬಳಕೆಗೆ ಬಿಡುವ ಮೊದಲು ಪರಿಚಿತ ಶಾಸನಗಳಿಂದ ಅದನ್ನು ಪರೀಕ್ಷಿಸುವುದು ಒಳ್ಳೆಯದು. ಹಳೇಬೀಡನ್ನು ಆರಿಸಿದಾಗ 1133, 1274, 1279, 1638ರ ಶಾಸನಗಳೂ ಅರಸೀಕೆರೆಯನ್ನು ಆರಿಸಿದಾಗ 1220ರ ಶಾಸನವೂ ಬರಲೇಬೇಕು. ಎಲ್ಲ ಆಯ್ಕೆಗಳನ್ನೂ ಬರಿದುಮಾಡಿದಾಗ ಬರುವ ಶಾಸನಗಳ ಎಣಿಕೆಯು ಮುಖ್ಯ ಕೋಷ್ಟಕದ ಎಣಿಕೆಗೆ ಸರಿಹೊಂದಬೇಕು. ಹೊಂದದಿದ್ದರೆ ಎಲ್ಲಿಯೋ ಬರಿದಾದ ಅಂಕಣವು ನಿಬಂಧನೆಗೆ ಸಿಕ್ಕಿ ಸಾಲುಗಳು ಬಿಟ್ಟುಹೋಗಿವೆ, ಅಥವಾ ಕೋಷ್ಟಕಗಳ ಜೋಡಣೆಯಿಂದ ಸಾಲುಗಳು ದ್ವಿಗುಣಗೊಂಡಿವೆ ಎಂದು ತಿಳಿಯಬಹುದು. ಮುದ್ರಿಸುವ ಪ್ರತಿಯೊಂದು ಪಟ್ಟಿಯ ತಲೆಯಲ್ಲಿಯೂ ಆಗ ಆರಿಸಿದ್ದ ಸ್ಥಳ, ಕಾಲ, ವರ್ಗಗಳೂ ಒಟ್ಟು ಎಷ್ಟರಲ್ಲಿ ಎಷ್ಟು ಶಾಸನಗಳು ಬಂದಿವೆಯೆಂಬುದೂ ಅಚ್ಚಾಗುವಂತೆ ಮಾಡಿದರೆ, ಮುಂದೆ ಅದನ್ನು ಓದುವವರು ಪಟ್ಟಿಯ ಮಿತಿಯನ್ನು ಅರಿಯಬಲ್ಲರು.

ಹಸ್ತಪ್ರತಿಗಳ ಸೂಚಿಗೂ ಇದೇ ಕ್ರಮವು ಅನ್ವಯಿಸುತ್ತದೆ. ಮೂಡುಬಿದಿರೆಯ ಧವಲಾ ತಾಡಪತ್ರಗಳು ಭಾಷೆಯಿಂದ ಪ್ರಧಾನವಾಗಿ ಪ್ರಾಕೃತ, ಲಿಪಿಯಿಂದ ಹಳಗನ್ನಡ. ಭಾಷೆಗೂ ಲಿಪಿಗೂ ಒಂದೇ ಆಯ್ಕೆಪಟ್ಟಿಯನ್ನು ಇಟ್ಟರೆ ಅವು ಒಂದಲ್ಲ ಒಂದು ಶೋಧನೆಯಲ್ಲಿ ತಪ್ಪಿಹೋಗುವುದು ನಿಶ್ಚಯ. ಲಿಪಿಕಾರನ ಹೆಸರಾಗಲಿ ಕಾಲವಾಗಲಿ ಇಲ್ಲದ ಪ್ರತಿಗಳೂ ಭಂಡಾರಗಳಲ್ಲಿ ಇರುವುದರಿಂದ ಬರಿದಾದ ಅಂಕಣದ ಬಗೆಗೆ ಮೇಲೆ ಹೇಳಿದ ಎಚ್ಚರಿಕೆಯು ಅಲ್ಲಿಯೂ ಅವಶ್ಯಕ. ಯಾವುದೊಂದು ಶೋಧನೆಯಲ್ಲಿ ಏನೂ ದೊರೆಯದಿದ್ದಾಗ, ಆ ಶೂನ್ಯವು ಭಂಡಾರದ್ದೋ ನಿಬಂಧನೆಯದ್ದೋ ಎಂಬುದನ್ನು ಮೊದಲು ನಿರ್ಣಯಿಸಿಕೊಂಡು, ಆಮೇಲೆ ‘ಇಲ್ಲ’ ಎಂಬ ಮಾತನ್ನು ಬರೆಯುವುದು ಸಂಶೋಧಕನಿಗೆ ಉಚಿತ.