ರಕ್ತದ ಒತ್ತಡಕ್ಕೆ ಒಂದು ಅಪೂರ್ವ ಕಾರಣ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ರಕ್ತದ ಒತ್ತಡದ ಮಾತು ಕೇಳದ ಮನೆ ಇಂದು ವಿರಳ. ಬಹುಮಂದಿಯಲ್ಲಿ ಅದಕ್ಕೆ ಇಂಥದೇ ಕಾರಣವೆಂದು ಹೇಳಲು ಬಾರದು. ಔಷಧದಿಂದ ಹಿಡಿತದಲ್ಲಿಡಬಹುದು, ಅಷ್ಟೆ. ಕೆಲವರಲ್ಲಿ ಮಾತ್ರ ಮೂಲವನ್ನೇ ತೆಗೆದುಹಾಕಬಹುದು. ಅಂಥದೊಂದನ್ನು ನಾವು ಈಗ ವಿಚಾರಿಸುವೆವು.

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಎರಡು ಪುಟ್ಟ ಗ್ರಂಥಿಗಳುಂಟು. ಒಂದೊಂದರ ತೂಕ ಸುಮಾರು 5 ಗ್ರಾಂ. ನಾವು ಹೆದರಿದಾಗ ಎದೆ ಹಾರುವಂತೆ ಮಾಡುವ ಅಡ್ರಿನಲಿನ್ ಎಂಬ ರಸವು ಇವುಗಳ ಒಳತಿರುಳಿನದು. ಆ ತಿರುಳಿನಲ್ಲಿ ಫಿಯೊಕ್ರೊಮೊಸೈಟೋಮ ಎಂಬ ಗೆಡ್ಡೆ ಬೆಳೆದರೆ, ಹೆದರುವ ಕಾರಣವಿಲ್ಲದೆಯೇ ಇಂಥ ರಸಗಳು ಉಕ್ಕುತ್ತವೆ. ತಲೆನೋವು, ಎದೆಬಡಿತ, ಬೆವರು ಒಟ್ಟಿಗೆ ಬಂದು, ಒತ್ತಡವು ಏರಿ, ಅನೇಕವೇಳೆ ಸ್ವಲ್ಪ ಹೊತ್ತಿನಲ್ಲಿಯೇ ಇಳಿಯುತ್ತದೆ. ವೈದ್ಯರ ಬಳಿ ಸೇರುವಷ್ಟರಲ್ಲಿ ಎಲ್ಲವೂ ಶಾಂತ; ಬರಿಯ ಗಾಬರಿಯೆಂದು ತಳ್ಳಿಬಿಡುವುದು ಸುಲಭ.

ಇಂಥ ಬಾಧೆಯಿಂದ ತೀರಿಕೊಂಡ 18 ವರ್ಷದ ಹುಡುಗಿಯೊಬ್ಬಳ ಎರಡೂ ಗ್ರಂಥಿಗಳಲ್ಲಿ ಗೆಡ್ಡೆಯಿದ್ದುದನ್ನು ಜರ್ಮನಿಯ ಫ್ರೆಂಕೆಲ್ 1886ರಲ್ಲಿ ವರದಿಮಾಡಿದನು. ಮುಂದೆ ಸ್ವಿಟ್ಜರ್ಲೆಂಡಿನ ರೂ 1926ರಲ್ಲಿ, ಅಮೆರಿಕದ ಚಾರ್ಲ್ಸ್ ಮೇಯೊ ಅದೇ ವರ್ಷದಲ್ಲಿ, ಗೆಡ್ಡೆಯನ್ನು ಕೊಯ್ದು ತೆಗೆದು ರೋಗಿಗಳನ್ನು ಉಳಿಸಿದರು.

ಇಂದು ರಕ್ತದ ಅಥವಾ 24 ಗಂಟೆಗಳ ಮೂತ್ರದ ಪರೀಕ್ಷೆಯಿಂದ ಇದರ ಸುಳಿವು ಸಿಕ್ಕುತ್ತದೆ. ಮೊದಲು ಔಷಧದಿಂದ ರಸದ ಆಟವನ್ನು ತಡೆದು, ಬಳಿಕ ಶಸ್ತ್ರಚಿಕಿತ್ಸೆ ಮಾಡುವುದು ಕ್ರಮ. ರೋಗವು ಅಪೂರ್ವ, ಒತ್ತಡವಿರುವವರೆಲ್ಲ ಅಂಜಬೇಕಾದುದಿಲ್ಲ. ಆದರೆ ಆ ಮೂರು ಲಕ್ಷಣಗಳೂ ಜೊತೆಯಾಗಿ ಮರಳಿ ಮರಳಿ ಬಂದರೆ, ಬಂದ ಹೊತ್ತನ್ನೂ ಇದ್ದ ಕಾಲವನ್ನೂ ಬರೆದಿಟ್ಟು ವೈದ್ಯರಿಗೆ ತೋರಿಸತಕ್ಕದ್ದು. ಆ ಚೀಟಿಯೇ ಒಂದು ಪ್ರಾಣವನ್ನು ಉಳಿಸೀತು.