ಭರಣಿಯ ಮೇಲೊಂದು ಕಲ್ಲು

ಆಟಿಯ ಮಳೆ ಹಿಡಿದರೆ ನಮ್ಮೂರು ಬೋವಿಕಾನದಲ್ಲಿ ಮಧ್ಯಾಹ್ನಕ್ಕೇ ದೀಪ ಹಚ್ಚಬೇಕು. ತೋಟಕ್ಕೆ ಇಳಿಯುವಂತಿಲ್ಲ. ಅಂಗಳದ ತರಕಾರಿ ಬಳ್ಳಿಗಳೆಲ್ಲ ಕೊಳೆತಿರುತ್ತವೆ. ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಂಥ ದಿನಗಳಲ್ಲಿ ಅಮ್ಮ ಉಗ್ರಾಣದ ಮೂಲೆಗೆ ಹೋಗಿ ದೊಡ್ಡ ಭರಣಿಯ ಮೇಲಿನ ಕಲ್ಲು ಇಳಿಸುತ್ತಿದ್ದರು. ಹೊಳೆಯಲ್ಲಿ ಉರುಳುರುಳಿ ನುಣ್ಣಗಾದ ಕರಿಗಲ್ಲು, ಎತ್ತಲು ಎರಡೂ ಕೈ ಬೇಕು. ಅದರ ಕೆಳಗೊಂದು ಹಲಗೆ, ಹಲಗೆಯಡಿ ಕಪ್ಪಿಟ್ಟ ಬಾಳೆಎಲೆ, ಎಲೆಯಡಿ ಉಪ್ಪುನೀರಿನಲ್ಲಿ ಮುಳುಗಿ ಕೂತ ಹಲಸಿನ ಸೊಳೆ. ಎಲೆ ಸರಿಸಿದ ಕೂಡಲೇ ಹುಳಿಯೂ ಉಪ್ಪೂ ಸೇರಿದ ಒಂದು ವಾಸನೆ ಮನೆಯಿಡೀ ಹರಡುತ್ತಿತ್ತು. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ನಮಗೆ ಹಸಿವಾಗುತ್ತದೆ.

ನವಕರ್ನಾಟಕದ ಮಳಿಗೆಗಳಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಸೋವಿಯತ್ ಪುಸ್ತಕಗಳನ್ನು ಓದಿ ಬೆಳೆದವರಲ್ಲಿ ನಾನೂ ಒಬ್ಬ. ಆ ಕಥೆಗಳ ಜನ ಏನು ತಿನ್ನುತ್ತಾರೆಂಬ ಕುತೂಹಲ ಅಂದಿನಿಂದಲೂ ಬಿಟ್ಟಿಲ್ಲ. ಮುಂದೆ ಅವರ ಅಡುಗೆಯ ಬಗ್ಗೆ ಓದುತ್ತ ಹೋದಾಗ ಇದೇ ಕಲ್ಲು ಮತ್ತೆ ಎದುರಾಯಿತು. ಓಕ್ ಮರದ ಪೀಪಾಯಿ, ಅದರಲ್ಲಿ ಸಣ್ಣಗೆ ಕೊಚ್ಚಿ ಉಪ್ಪು ಬೆರೆಸಿದ ಎಲೆಕೋಸು, ಮೇಲೊಂದು ಮರದ ಬಿಲ್ಲೆ, ಬಿಲ್ಲೆಯ ಮೇಲೆ ಹೊಳೆಯ ಕಲ್ಲು. ಆ ಭಾರಕ್ಕೆ ಅವರು ‘ಗ್ನ್ಯೋತ್’ ಎನ್ನುತ್ತಾರೆ, ಅದುಮುವಂಥದ್ದು ಎಂದು ಅರ್ಥ. ಏಳು ಸಮುದ್ರದಾಚೆಯ ಹಿಮದ ನಾಡಿನಲ್ಲಿ ನನ್ನ ಅಮ್ಮನ ಕಲ್ಲನ್ನು ಕಂಡ ಸಂತೋಷ ನನಗೆ ಇನ್ನೂ ನೆನಪಿದೆ.

ರಷ್ಯದ ಊಟ ಎಂದರೆ ಕ್ಯಾವಿಯರ್, ವೋಡ್ಕಾ ಎನ್ನುವವರೇ ಹೆಚ್ಚು. ಕೆಲವರು ಬೀಟ್‌ರೂಟಿನ ಬೋರ್ಷ್ ಹೆಸರು ಹೇಳುತ್ತಾರೆ. ಅದು ಉಕ್ರೇನಿನ ಅಭಿಮಾನದ ಅಡುಗೆ, 2022ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ರಷ್ಯದ ರೈತನ ಮನೆಯ ದಿನದಿನದ ಊಟ ಬೇರೆಯೇ ಇತ್ತು: ರೈ ಹಿಟ್ಟಿನ ಕರಿ ಬ್ರೆಡ್, ಎಲೆಕೋಸಿನ ಸಾರು ‘ಶ್ಚಿ’, ಧಾನ್ಯದ ಗಂಜಿ ‘ಕಾಶಾ’, ಉಪ್ಪು ಹಾಕಿದ ಸೌತೆಕಾಯಿ, ಅಣಬೆ, ಕುಡಿಯಲು ಬ್ರೆಡ್ ಹುದುಗಿಸಿ ಮಾಡಿದ ‘ಕ್ವಾಸ್’. ಶ್ಚಿ ಮತ್ತು ಕಾಶಾ ಇದ್ದರೆ ಊಟ ಆಯಿತು ಎಂಬ ಗಾದೆಯೇ ಅವರಲ್ಲಿದೆ. ಗಂಜಿ–ಚಟ್ನಿ ಇದ್ದರೆ ಸಾಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಹಾಗೆ. ಬೇಸಗೆಯಲ್ಲಿ ತಣ್ಣನೆಯ ಕ್ವಾಸಿಗೆ ಹಸಿ ತರಕಾರಿ ಕೊಚ್ಚಿ ಹಾಕಿ ಉಣ್ಣುವ ‘ಅಕ್ರೋಶ್ಕಾ’ವನ್ನು ತಂಬುಳಿಯ ದೂರದ ನೆಂಟ ಎಂದರೆ ತಪ್ಪಾಗದು.

ಈ ಊಟ ರೂಪುಗೊಂಡದ್ದು ಒಲೆಯ ಸುತ್ತ. ಹಳ್ಳಿಮನೆಯ ಕಾಲು ಭಾಗವನ್ನೇ ನುಂಗುವಂಥ ಇಟ್ಟಿಗೆಯ ಒಲೆ ‘ಪೇಚ್’. ಬೆಳಗ್ಗೆ ಒಮ್ಮೆ ಸೌದೆ ಉರಿಸಿದರೆ ಅದರ ಗೋಡೆಗಳು ದಿನವಿಡೀ ಬಿಸಿ ಕಾಯ್ದುಕೊಳ್ಳುತ್ತವೆ. ಬೆಂಕಿ ಆರಿದ ಮೇಲೆ ಮಡಕೆಗಳನ್ನು ಉದ್ದ ಹಿಡಿಯ ಕವೆಗೋಲಿನಿಂದ ಒಳಗೆ ತಳ್ಳಿ ಬಾಯಿ ಮುಚ್ಚುತ್ತಾರೆ. ಇಳಿಯುತ್ತಿರುವ ಶಾಖದಲ್ಲಿ ಧಾನ್ಯ ಕುದಿಯದೆ, ಸೀಯದೆ, ಗಂಟೆಗಟ್ಟಲೆ ಅರಳುತ್ತದೆ. ಕೆಂಡದ ಮೇಲೆ ಕುಚ್ಚಲಕ್ಕಿ ಮಡಕೆ ಇಟ್ಟು ಮರೆತಂತೆ ಬಿಡುತ್ತಿದ್ದವರಿಗೆ ಆ ರುಚಿಯನ್ನು ವಿವರಿಸಬೇಕಾಗಿಲ್ಲ. ರಾತ್ರಿ ಮನೆಯ ಮುದುಕರೂ ಮಕ್ಕಳೂ ಮಲಗುತ್ತಿದ್ದುದು ಅದೇ ಒಲೆಯ ಮೇಲೆ.

ಈ ಊಟಕ್ಕೆ ರೂಪ ಕೊಟ್ಟ ಎರಡನೆಯ ಕಾರಣ ಉಪವಾಸ. ಆರ್ಥೊಡಾಕ್ಸ್ ಕ್ರೈಸ್ತರ ಪಂಚಾಂಗದಲ್ಲಿ ವರ್ಷಕ್ಕೆ ಸುಮಾರು 200 ದಿನ ಮಾಂಸ, ಹಾಲು, ಮೊಟ್ಟೆ ನಿಷಿದ್ಧ. ಹಾಗಾಗಿ ಕಾಡಿನ ಅಣಬೆ, ಕೋಸು, ಬಟಾಣಿ, ಮೀನುಗಳಲ್ಲೇ ನೂರಾರು ಬಗೆ ಹುಟ್ಟಿದವು. ಆಟಿಯಲ್ಲಿ ಕಣಿಲೆ, ಕೆಸು, ಅಣಬೆ ಹುಡುಕಿ ಗುಡ್ಡ ಅಲೆಯುವ ನಮ್ಮಂತೆ ಅವರೂ ಬುಟ್ಟಿ ಹಿಡಿದು ಕಾಡಿಗೆ ಹೊರಡುತ್ತಾರೆ. ಪೇಟೆಯ ಜನ ಇಂದಿಗೂ ಬಿಡದ ಅಭ್ಯಾಸವದು.

ಈ ಪಂಚಾಂಗ ಕಳೆದುಕೊಂಡು ಸಂಕಟಪಟ್ಟ ಒಬ್ಬ ರಷ್ಯನ್ ಕನ್ನಡ ನೆಲದಲ್ಲಿ ಓಡಾಡಿದ್ದಾನೆ. ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್, 15ನೇ ಶತಮಾನದಲ್ಲಿ, ಮಹಮೂದ್ ಗವಾನನ ಕಾಲದ ಬೀದರಿಗೆ ಬಂದವನು. ದಾರಿಯ ದರೋಡೆಯಲ್ಲಿ ಧರ್ಮಗ್ರಂಥಗಳು ಹೋದವು, ಹಬ್ಬ ಯಾವಾಗ, ಉಪವಾಸ ಯಾವಾಗ ಎಂದು ತಿಳಿಯದಾಯಿತು. ಲೆಕ್ಕ ಊಹಿಸಿಕೊಂಡೇ ಉಪವಾಸ ಮಾಡಿದ. ಅವನ ಕಣ್ಣು ಮಾತ್ರ ಇಲ್ಲಿನವರ ಊಟದ ಮೇಲೆಯೇ ಇತ್ತು. ಹಿಂದೂಗಳು ದನದ ಮಾಂಸ ಮುಟ್ಟುವುದಿಲ್ಲ, ಬಲಗೈಯಲ್ಲೇ ಉಣ್ಣುತ್ತಾರೆ, ಚಮಚ ಅರಿಯರು, ಪರಕೀಯರ ಕಣ್ಣಿಗೆ ಬೀಳದಂತೆ ಉಣ್ಣುತ್ತಾರೆ, ಕಿಚಡಿಗೆ ಬೆಣ್ಣೆ ಹಾಕಿಕೊಳ್ಳುತ್ತಾರೆ ಎಂದು ಬರೆದಿಟ್ಟ. ಕುದುರೆಗೂ ಕಿಚಡಿ ಬೇಯಿಸಿ ಹಾಕುವುದನ್ನು ಕಂಡು ಅಚ್ಚರಿಪಟ್ಟ. ತೆಂಗಿನಕಾಯಿಯ ಚಿಪ್ಪಿನಲ್ಲಿ ಮದ್ಯ ಇಡುವುದನ್ನೂ ಬಿಡಲಿಲ್ಲ. ಊರು ಮುಟ್ಟುವ ಮೊದಲೇ ಸ್ಮೋಲೆನ್‌ಸ್ಕ್ ಬಳಿ ತೀರಿಕೊಂಡ. ಒಂದು ತುತ್ತೂ ಶ್ಚಿ ಸಿಗದ ಆ ವರ್ಷಗಳನ್ನು ನೆನೆದಾಗ ನನಗೆ ಅವನ ಮೇಲೆ ಮರುಕ ಹುಟ್ಟುತ್ತದೆ.

ಇನ್ನು ಉಪ್ಪು. ಎರಡು ಭರಣಿಗಳ ವ್ಯತ್ಯಾಸ ಇರುವುದು ಇಲ್ಲೇ. ಕೋಸಿಗೆ ಕಿಲೋಗೆ 20–25 ಗ್ರಾಂ ಉಪ್ಪು ಸಾಕು. ಅಷ್ಟರಲ್ಲಿ ಕೆಟ್ಟ ಜೀವಾಣು ಹಿಂದೆ ಸರಿದು ಲ್ಯಾಕ್ಟಿಕ್ ಆಮ್ಲದ ಜೀವಾಣು ಮೇಲುಗೈ ಪಡೆಯುತ್ತದೆ, ಕೋಸು ಹುಳಿಯಾಗುತ್ತದೆ. ಉಳಿದ ಕಾವಲು ನೆಲಮಾಳಿಗೆಯ ಚಳಿಯದು. ನಮ್ಮಲ್ಲಿ ಚಳಿ ಎಲ್ಲಿದೆ? ಮೇ ತಿಂಗಳ ಸೆಕೆಯಲ್ಲಿ ತುಂಬಿದ ಭರಣಿಗೆ ಉಪ್ಪೊಂದೇ ಕಾವಲು, ಹಾಗಾಗಿ ಕೈಬಿಚ್ಚಿ ಸುರಿಯುತ್ತೇವೆ. ಆ ಉಪ್ಪಿನಲ್ಲಿ ಹುಳಿ ಬರುವುದು ಕಡಿಮೆ, ಕೆಡುವುದೂ ಕಡಿಮೆ. ಅದಕ್ಕೇ ಉಪ್ಪುಸೊಳೆಯನ್ನು ರಾತ್ರಿಯಿಡೀ ನೀರಿಗೆ ಹಾಕಿ, ಬೆಳಗ್ಗೆ ಮತ್ತೆ ಮತ್ತೆ ಹಿಂಡಿದ ಮೇಲೆಯೇ ಪಲ್ಯ, ರೊಟ್ಟಿ, ಉಂಡ್ಲಕಾಳು. ತುಳುವಿನವರ ‘ಉಪ್ಪಡ್ ಪಚ್ಚಿಲ್’ ಎಂಬ ಹೆಸರಿನಲ್ಲೇ ಉಪ್ಪು ಮುಂದೆ ನಿಂತಿದೆ.

ಕಡಲ ಹತ್ತಿರದ ನಾವು ಹೀಗೆ ಸುರಿಯಬಲ್ಲೆವು. ಒಳನಾಡಿನ ರಷ್ಯದಲ್ಲಿ ಉಪ್ಪು ದುಬಾರಿ. ಅತಿಥಿಗೆ ಬ್ರೆಡ್ಡಿನ ಮೇಲೆ ಉಪ್ಪಿನ ಬಟ್ಟಲಿಟ್ಟು ಸ್ವಾಗತಿಸುವ ಪದ್ಧತಿಯ ಗೌರವ ಆ ಬೆಲೆಯಿಂದಲೂ ಬಂದದ್ದು. 1646ರಲ್ಲಿ ತ್ಸಾರ್ ಸರಕಾರ ಉಪ್ಪಿನ ಮೇಲೆ ಭಾರೀ ತೆರಿಗೆ ಹೇರಿತು. ಬಡವರು ಮೀನಿಗೆ ಉಪ್ಪು ಹಾಕಲಾರದೆ ಹೋದರು. ತೆರಿಗೆ ಮರುವರ್ಷ ರದ್ದಾಯಿತಾದರೂ ಹಳೆಯ ಬಾಕಿ ವಸೂಲಿಗೆ ನಿಂತದ್ದರಿಂದ 1648ರ ಜೂನಿನಲ್ಲಿ ಮಾಸ್ಕೋ ದಂಗೆಯೆದ್ದಿತು. ಚರಿತ್ರೆಯಲ್ಲಿ ಅದಕ್ಕೆ ಉಪ್ಪಿನ ದಂಗೆ ಎಂದೇ ಹೆಸರು. ನಮ್ಮಲ್ಲೂ ಬ್ರಿಟಿಷರ ಉಪ್ಪಿನ ತೆರಿಗೆಯ ವಿರುದ್ಧ 1930ರ ಏಪ್ರಿಲಿನಲ್ಲಿ ಉತ್ತರಕ್ಕೆ ಅಂಕೋಲೆಯಲ್ಲೂ ನಮ್ಮ ದಕ್ಷಿಣಕ್ಕೆ ಪಯ್ಯನ್ನೂರಿನಲ್ಲೂ ಜನ ಕಡಲದಂಡೆಗೆ ನಡೆದು ಉಪ್ಪು ಮಾಡಿದರು. ಭರಣಿ ತುಂಬುವ ಹೆಂಗಸಿಗೆ ಉಪ್ಪಿನ ತೆರಿಗೆ ಎಂದರೆ ಏನೆಂದು ಎರಡೂ ನಾಡುಗಳಲ್ಲಿ ಗೊತ್ತಿತ್ತು.

ಹೊಸತು ಬಂದದ್ದೂ ಉಂಟು. ಆಲೂಗೆಡ್ಡೆ ಬೆಳೆಯಿರಿ ಎಂದು 1765ರಲ್ಲಿ ಆಜ್ಞೆಯಾದರೂ ರೈತರು ಒಪ್ಪಲಿಲ್ಲ, 1840ರ ದಶಕದಲ್ಲಿ ಅದಕ್ಕಾಗಿ ದಂಗೆಗಳೇ ಆದವು. ಈಗ ಅದಿಲ್ಲದ ರಷ್ಯನ್ ಊಟವಿಲ್ಲ. ಚಹಾ 1638ರಲ್ಲಿ ಮಂಗೋಲ್ ಖಾನನ ಉಡುಗೊರೆಯಾಗಿ ತ್ಸಾರನಿಗೆ ತಲುಪಿತು. ನಂತರ ಚೀನದ ಗಡಿಯ ಕ್ಯಾಖ್ತಾದಿಂದ ಕಾರವಾನ್‌ಗಳಲ್ಲಿ ಬಂತು. 1778ರಲ್ಲಿ ತೂಲಾ ಪಟ್ಟಣದ ಲಿಸಿತ್ಸಿನ್ ಸೋದರರು ಸಮೋವಾರ್ ಕಾರ್ಖಾನೆ ತೆರೆದರು. ಸೋವಿಯತ್ ಕಾಲದಲ್ಲಿ ಆನೆಯ ಚಿತ್ರದ ಪೊಟ್ಟಣದಲ್ಲಿ ಬರುತ್ತಿದ್ದ ಭಾರತದ ಚಹಾ ಅಲ್ಲಿನವರಿಗೆ ಅಚ್ಚುಮೆಚ್ಚು.

ಆ ಚಹಾದ ಹಿಂದೆಯೇ ನಮ್ಮ ಗೋಡಂಬಿಯೂ ಹೋಯಿತು. 1953ರ ವ್ಯಾಪಾರ ಒಪ್ಪಂದದ ಬಳಿಕ ಎರಡು ದೇಶಗಳು ರೂಪಾಯಿಯಲ್ಲೇ ಲೆಕ್ಕ ಚುಕ್ತಾ ಮಾಡತೊಡಗಿದವು. ಕೊಲ್ಲಂ, ಮಂಗಳೂರಿನ ಕಾರ್ಖಾನೆಗಳಲ್ಲಿ ಸಿಪ್ಪೆ ಸುಲಿಸಿಕೊಂಡ ತಿರುಳಿಗೆ ಸೋವಿಯತ್ ಒಕ್ಕೂಟ ಅತಿ ದೊಡ್ಡ ಗಿರಾಕಿಗಳಲ್ಲೊಂದು, 1991ರಲ್ಲಿ ಅದು ಒಡೆದುಹೋಗುವವರೆಗೂ. ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಮರ ನಮ್ಮ ಗುಡ್ಡಗಳಿಗೆ ಹಣ ತಂದುಕೊಡುವ ಬೆಳೆಯಾಯಿತು. ಅದರ ಬೆಲೆ ತೆತ್ತದ್ದೂ ಈ ಗುಡ್ಡಗಳೇ. ಟೀ ಸೊಳ್ಳೆಯ ಕಾಟಕ್ಕೆಂದು ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಬಾಧಿತವೆಂದು ಗುರುತಿಸಿದ 11 ಪಂಚಾಯತುಗಳಲ್ಲಿ ಬೋವಿಕಾನ ಇರುವ ಮುಳಿಯಾರೂ ಒಂದು. 2011ರ ಮೇಯಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ದೇಶದಾದ್ಯಂತ ತಡೆಯಿತು. ಆ ಹೊತ್ತಿಗೆ ಅಂಗಳಗಳಲ್ಲಿ ಏಳಲಾರದ ಮಕ್ಕಳಿದ್ದರು, ಈಗಲೂ ಇದ್ದಾರೆ. ಈ ವಿಷದ ಬಗ್ಗೆ ಮೊದಮೊದಲು ಬರೆದವರಲ್ಲಿ ನಮ್ಮ ಜಿಲ್ಲೆಯವರೇ ಆದ ಶ್ರೀ ಪಡ್ರೆಯವರೂ ಒಬ್ಬರು. ಅವರೇ ‘ಅಡಿಕೆ ಪತ್ರಿಕೆ’ಯಲ್ಲಿ ವರ್ಷಾನುಗಟ್ಟಲೆ ಹಲಸಿನ ಪರವಾಗಿ ಬರೆದರು. ನಂಜು ಬೇಡದ, ಯಾರೂ ನೆಡದೆಯೂ ಬೆಳೆಯುವ ಮರದ ಕಡೆಗೆ ಅವರು ತಿರುಗಿದ್ದು ನನಗೆ ಸಹಜವಾಗಿಯೇ ಕಾಣುತ್ತದೆ.

ಸೋವಿಯತ್ ಒಕ್ಕೂಟ ಕುಸಿದು ಅಂಗಡಿಗಳು ಬರಿದಾದಾಗ ರಷ್ಯದ ಎಷ್ಟೋ ಮನೆಗಳನ್ನು ಉಳಿಸಿದ್ದು ಡಾಚಾ, ಅಂದರೆ ಪೇಟೆಯ ಹೊರಗಿನ ತೋಟದ ತುಣುಕು. ಕುಟುಂಬಕ್ಕೆ 600 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಸುಮಾರು 15 ಸೆಂಟ್ಸ್. ಅದರಲ್ಲಿ ಆಲೂಗೆಡ್ಡೆ, ಕೋಸು, ಸೌತೆ ಬೆಳೆದು, ಶರತ್ಕಾಲದಲ್ಲಿ ಭರಣಿ ತುಂಬಿ, ಕಲ್ಲು ಹೇರಿ, ಚಳಿಗಾಲವನ್ನು ದಾಟಿದರು.

ನಮಗೆ ಅಂಥ ದಿನ 2020ರ ಮಾರ್ಚಿನಲ್ಲಿ, ಕೊರೊನಾ ಲಾಕ್‌ಡೌನಿನೊಂದಿಗೆ ಬಂತು. ಗಡಿರಸ್ತೆಗಳಿಗೆ ಮಣ್ಣಿನ ರಾಶಿ ಬಿತ್ತು, ಘಟ್ಟದ ಕಡೆಯ ತರಕಾರಿ ಲಾರಿಗಳು ವಿರಳವಾದವು. ಮನೆಯ ಹಿಂದಿನ ಹಲಸು ಮಾತ್ರ ಪ್ರತಿ ವರ್ಷದಂತೆ ಕಾಯಿ ಹೊತ್ತು ನಿಂತಿತ್ತು. ಅಮ್ಮ ಹೋದ ಮೇಲೆ ಅಟ್ಟ ಸೇರಿದ್ದ ಭರಣಿ ಇಳಿಸಿದೆವು. ಕಲ್ಲು ಬಾವಿಕಟ್ಟೆಯ ಹತ್ತಿರ ಬಟ್ಟೆ ಒಗೆಯುವಲ್ಲಿ ಸಿಕ್ಕಿತು. ತೆಂಗಿನ ನಾರು ಹಾಕಿ ತಿಕ್ಕಿ ತೊಳೆದು, ಬಿಸಿಲಿಗಿಟ್ಟೆವು. ಸೊಳೆ ಬಿಡಿಸಲು ಮನೆಮಂದಿಯೆಲ್ಲ ಕೂತು, ಅಂಟು ಹತ್ತದಂತೆ ಕೈಗೆ ತೆಂಗಿನೆಣ್ಣೆ ಸವರಿಕೊಂಡೆವು. ಉಪ್ಪು ಎಷ್ಟು ಎಂದು ಯಾರಿಗೂ ಖಚಿತವಿರಲಿಲ್ಲ. ಪಕ್ಕದ ಮನೆಯ ಅಜ್ಜಿ ಬೇಲಿಯಾಚೆ ನಿಂತು, ಇನ್ನೂ ಒಂದು ಹಿಡಿ, ಇನ್ನೂ ಒಂದು ಹಿಡಿ ಎಂದು ಹೇಳುತ್ತಲೇ ಇದ್ದರು. ಆ ಆಟಿಯಲ್ಲಿ ಎಲೆ ಸರಿಸಿದಾಗ ಅದೇ ವಾಸನೆ ಬಂತು. ಸೊಳೆಯನ್ನು ನೀರಿಗೆ ಹಾಕಿ, ಕಲ್ಲನ್ನು ಮತ್ತೆ ಭರಣಿಯ ಮೇಲಿಟ್ಟೆ.